ಛತ್ತಿನ ಕಿಟಕಿಯ ಸಂದಿನಿಂದ ಬರುವ ಗಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನಮ್ಮ ಮನೆಗೆ ಎಡಬಲ ಎರಡೂ ಕಡೆ ಪಕ್ಕದ ಮನೆಗಳ ಗೋಡೆ ಹತ್ತಿಕೊಂಡಿದೆ. ಪಡಸಾಲೆಗೆ ಹಗಲಿನ ಬೆಳಕು ಬರುವುದು ಛತ್ತಿನ ನಡುವಿನ 3 ಅಡಿ ಅಗಲ, 4 ಅಡಿ ಉದ್ದದ ಬೆಳಕಿಂಡಿಯಿಂದ ಮಾತ್ರ. ಸುತ್ತ ಸಿಮೆಂಟಿನ ಕಟ್ಟೆ, ಅದರ ಮೇಲೆ ಕಬ್ಬಿಣದ ಜಾಳಿ, ಜಾಳಿಯ ಮೇಲೆ ಪಾಲಿಕಾರ್ಬೊನೇಟ್ ಎಂಬ, ಬೆಳಕು ಹಾಯುವ ಗಟ್ಟಿ ಪ್ಲಾಸ್ಟಿಕ್ಕಿನ ಶೀಟ್. ಅವ್ವನ ಮಂಚ ಅದರ ಕೆಳಗೇ ಇರುತ್ತದೆ, ಕಣ್ಣು ಮಂಜಾದ ಮೇಲೆ ಅವಳಿಗೆ ಆ ಬೆಳಕು ಬೇಕು. ಆದರೆ ತೊಗರಿ ರಾಶಿಯ ಹೊತ್ತಿಗೆ, ಡಿಸೆಂಬರ್ ಜನವರಿಯಲ್ಲಿ, ಬೆಳಗಿನ ಜಾವ ಅವಳ ಕೆಮ್ಮು ಕೇಳಿ ಮನೆಮಂದಿಯೆಲ್ಲ ಏಳುತ್ತಿದ್ದೆವು. ಬೆಳಕಿಂಡಿಯ ಸುತ್ತಲಿನ ಸಂದಿನಿಂದ ಥಂಡಿ ಬರುತ್ತದೆಂದು ಆ ಸಂದನ್ನು ಮೂರು ಸಲ ಮುಚ್ಚಿಸಿದೆವು. ಮೊದಲ ಎರಡು ಸಲದ ಕೆಲಸ ಒಂದು ವರ್ಷ ಕೂಡ ನಿಲ್ಲಲಿಲ್ಲ. ಮೂರನೆಯದು ಇನ್ನೂ ಗಟ್ಟಿಯಾಗಿದೆ. ಆಮೇಲೆ ನೆಂಟರು, ನೆರೆಯವರು, ಬೀದರಿನ ಅಕ್ಕನ ಮನೆಯವರು, ಯಾದಗಿರಿಯ ಸ್ನೇಹಿತರು ಒಬ್ಬೊಬ್ಬರಾಗಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ.

ಮ್ಯಾಲಿಂದ ಥಂಡಿ ಗಾಳಿ ಬರ್ತದ. ಯಾವ ಸಂದಿನಿಂದ ಬರ್ತದಂತ ಹ್ಯಾಂಗ ಗೊತ್ತ ಮಾಡಬೇಕ್ರಿ?

ಒಂದು ಊದಿನಕಡ್ಡಿ ಸಾಕು. ಹೊರಗೆ ಅತಿ ತಂಪಿರುವ ಹೊತ್ತು, ಅಂದರೆ ಬೆಳಗಿನ ಜಾವ 5ರಿಂದ 6 ಗಂಟೆಯೊಳಗೆ, ಫ್ಯಾನು ನಿಲ್ಲಿಸಿ, ಬಾಗಿಲು ಕಿಟಕಿಗಳನ್ನು ಮುಚ್ಚಿ. ಏಣಿಯನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡಿರಲಿ. ಹಚ್ಚಿದ ಕಡ್ಡಿಯನ್ನು ಚೌಕಟ್ಟಿನ ಸುತ್ತ ಒಂದು ಗೇಣು ದೂರದಲ್ಲಿ ನಿಧಾನವಾಗಿ ಒಯ್ಯಿರಿ. ಕೆಂಡ ರಬ್ಬರಿಗಾಗಲಿ ಶೀಟಿಗಾಗಲಿ ತಾಗಬಾರದು. ಹೊಗೆ ನೆಟ್ಟಗೆ ಏರಿದರೆ ಆ ಜಾಗ ಸರಿಯಿದೆ. ನಿಮ್ಮ ಕಡೆ ತಳ್ಳಿಸಿಕೊಂಡು ಬಂದರೆ ಅಲ್ಲಿ ಗಾಳಿ ಒಳಗೆ ಬರುತ್ತಿದೆ. ಸಂದಿನೊಳಗೆ ಸೆಳೆದುಕೊಂಡು ಹೋದರೆ ಮನೆಯ ಗಾಳಿ ಹೊರಗೆ ಹೋಗುತ್ತಿದೆ. ಎರಡಕ್ಕೂ ಬೇರೆ ಬೇರೆ ಗುರುತನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೇ ಹಾಕಿಕೊಳ್ಳಿ.

ನಮ್ಮ ಮನೆಯಲ್ಲಿ ಹೆಚ್ಚಿನ ಕಡೆ ಹೊಗೆ ಹೊರಗೆ ಹೋಯಿತು. ಮೊದಲು ನನಗೆ ಇದು ಅರ್ಥವಾಗಲಿಲ್ಲ. ಥಂಡಿ ಮೇಲಿಂದ ಇಳಿಯುತ್ತಿದೆ ಎಂದೇ ಅಷ್ಟು ದಿನ ನಂಬಿದ್ದೆವು. ಆಗುವುದು ಹೀಗೆ: ಮನೆಯೊಳಗಿನ ಬೆಚ್ಚಗಿನ ಗಾಳಿ ಹಗುರ, ಅದು ಮೇಲೇರಿ ಛತ್ತಿನ ಸಂದಿನಿಂದ ಹೊರಬೀಳುತ್ತದೆ. ಹೋದಷ್ಟು ಗಾಳಿಯ ಜಾಗ ತುಂಬಲು ಮುಂಬಾಗಿಲಿನ ಕೆಳಗಿನಿಂದ, ಹಿತ್ತಲ ಬಾಗಿಲಿನ ಸಂದಿನಿಂದ ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಕಾಲಿಗೆ ಥಂಡಿ ಹೊಡೆಯುವುದಕ್ಕೆ ಕಾರಣ ತಲೆಯ ಮೇಲಿನ ಸಂದು. ಮೇಲಿನದನ್ನು ಮುಚ್ಚಿದ ದಿನವೇ ಬಾಗಿಲಿನ ಬುಡದ ಗಾಳಿಯೂ ಅರ್ಧಕ್ಕರ್ಧ ಇಳಿದಂತೆ ನಮಗೆ ಅನ್ನಿಸಿತು. ಗಾಳಿ ಜೋರಾಗಿ ಬೀಸುವ ದಿನ ಲೆಕ್ಕ ಬದಲಾಗುತ್ತದೆ. ಆಗ ಗಾಳಿ ಎದುರಾಗುವ ಬದಿಯಲ್ಲಿ ಒಳಗೆ ನುಗ್ಗಿ, ಮರೆಯ ಬದಿಯಲ್ಲಿ ಹೊರಗೆ ಹೋಗುತ್ತದೆ. ನಮ್ಮ ಕಡೆ ಚಳಿಗಾಲದ ಗಾಳಿ ಪೂರ್ವ ಈಶಾನ್ಯದಿಂದ, ಮಳೆಗಾಲದ್ದು ಪಶ್ಚಿಮ ನೈಋತ್ಯದಿಂದ. ಆದ್ದರಿಂದ ಚಳಿಗಾಲದಲ್ಲಿ ಸಿಕ್ಕ ಸಂದು ಬೇರೆ, ಮಳೆಯಲ್ಲಿ ಸೋರುವ ಸಂದು ಬೇರೆ ಆಗಿರಬಹುದು.

ಇನ್ನೊಂದು ಪರೀಕ್ಷೆ ರಾತ್ರಿಯದು. ಮನೆಯ ದೀಪಗಳನ್ನೆಲ್ಲ ಆರಿಸಿ, ಒಬ್ಬರು ಛತ್ತಿನ ಮೇಲೆ ನಿಂತು ಕಟ್ಟೆಯ ಸುತ್ತ ಟಾರ್ಚು ಹಿಡಿಯಲಿ. ಕೆಳಗಿನವರಿಗೆ ಸೂಜಿಮೊನೆಯಷ್ಟು ತೂತೂ ಹೊಳೆದು ಕಾಣುತ್ತದೆ. ಕಟ್ಟೆಗೂ ಜಾಳಿಯ ಚೌಕಟ್ಟಿಗೂ ನಡುವೆ ಬಾಲ್‌ಪೆನ್ ತೂರುವಷ್ಟು ಸಂದಿತ್ತು ಎಂದು ನಮಗೆ ಗೊತ್ತಾದದ್ದು ಹೀಗೆ.

ಊದಿನಕಡ್ಡಿ ಹಿಡಿದು ನೋಡಿದಿವಿ, ಸಂದು ಎಲ್ಲೂ ಇಲ್ಲ. ಆದರೂ ಕೆಳಗ ಕೂತ್ರ ಥಂಡಿ ಇಳೀತದ.

ಅದು ಸಂದಿನ ಗಾಳಿ ಅಲ್ಲ. ರಾತ್ರಿಯ ಆಕಾಶಕ್ಕೆ ತೆರೆದುಕೊಂಡ ಗಾಜು ಬಹಳ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಒಳಗಿನ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೇರ ಕೆಳಗಿಳಿಯುತ್ತದೆ. ಸುಮಾರು 700 ಮೀಟರ್ ಎತ್ತರದ ಬೀದರಿನಲ್ಲಿ ಇದು ಹೆಚ್ಚು. ಕಲಬುರಗಿ ಸುಮಾರು 450 ಮೀಟರ್, ಯಾದಗಿರಿ ಇನ್ನೂ ತಗ್ಗು. ಬೀದರಿನಲ್ಲಿ ಕೆಲವು ವರ್ಷ ಪಾದರಸ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಇಂಥ ಕಡೆ ಎಷ್ಟು ಸಿಲಿಕಾನ್ (ಟ್ಯೂಬಿನಲ್ಲಿ ಬರುವ, ಒಣಗಿದರೆ ರಬ್ಬರಿನಂತಾಗುವ ಅಂಟು) ಬಳಿದರೂ ಪ್ರಯೋಜನವಿಲ್ಲ. ಕಿಂಡಿಯ ಒಳಬದಿಗೆ, ಮೇಲಿನ ಗಾಜಿನಿಂದ ಒಂದೆರಡು ಇಂಚು ಬಿಟ್ಟು, ಎರಡನೆಯ ತೆಳು ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಶೀಟನ್ನು ಸುತ್ತಲೂ ಬಿಗಿಯಾಗಿ ಕೂಡಿಸಿ. ನಡುವೆ ಸಿಕ್ಕಿಕೊಂಡ ನಿಂತ ಗಾಳಿಯೇ ಕಂಬಳಿಯ ಕೆಲಸ ಮಾಡುತ್ತದೆ. ಅಷ್ಟಾಗದಿದ್ದರೆ ರಾತ್ರಿ ಹೊತ್ತು ಎಳೆಯುವ ದಪ್ಪ ಪರದೆಯಾದರೂ ಇರಲಿ. ಅಕ್ಕನ ಮನೆಯಲ್ಲಿ ಮಂಚವನ್ನು ಮೂರು ಅಡಿ ಸರಿಸಿದ್ದರಿಂದಲೇ ಅರ್ಧ ತೊಂದರೆ ಕಳೆಯಿತು.

ಗೌಂಡಿಗೆ ಹೇಳಿ ಸಿಮೆಂಟ್ ತುಂಬಿಸಿದರ ಆಗಂಗಿಲ್ಲೇನು?

ಆಗುವುದಿಲ್ಲ. ನಾವು ಮೊದಲ ಸಲ ಮಾಡಿಸಿದ್ದು ಅದನ್ನೇ. ಡಿಸೆಂಬರಿನಲ್ಲಿ ಗೌಂಡಿ ಬಂದು ಶೀಟಿನ ಅಂಚಿನ ಸುತ್ತ ಸಿಮೆಂಟ್ ಮರಳು ಕಲಸಿ ಚೊಕ್ಕಟವಾಗಿ ಮೆತ್ತಿದರು. ಶರಣಬಸವೇಶ್ವರ ಜಾತ್ರೆ ಮುಗಿದು ಬಿಸಿಲು ಏರಿದ ಹಾಗೆ ಕೂದಲೆಳೆಯ ಬಿರುಕು ಬಿಟ್ಟಿತು. ಮೇ ತಿಂಗಳಿಗೆ ತುಂಡು ತುಂಡಾಗಿ ಉದುರಿತು. ಜೂನಿನಲ್ಲಿ ಆ ಬಿರುಕಿನಿಂದಲೇ ನೀರು ಇಳಿಯಿತು. ಕೆಲಸ ಮಾಡಿದವರು ಸಿಮೆಂಟ್ ಕಡಿಮೆ ಹಾಕಿದರು ಎಂದು ನಾನು ಅವತ್ತು ಬೇಸರ ಮಾಡಿಕೊಂಡಿದ್ದೆ. ತಪ್ಪು ಅವರದಾಗಿರಲಿಲ್ಲ, ಆ ಜಾಗಕ್ಕೆ ಸಿಮೆಂಟೇ ಹೊಂದುವುದಿಲ್ಲ.

ಲೆಕ್ಕ ನೋಡಿ. ಪಾಲಿಕಾರ್ಬೊನೇಟ್ ಶೀಟ್ ಒಂದು ಮೀಟರಿಗೆ, ಒಂದು ಡಿಗ್ರಿ ಬಿಸಿ ಏರಿದರೆ, ಸುಮಾರು 0.065 ಮಿಲಿಮೀಟರ್ ಹಿಗ್ಗುತ್ತದೆ. ಕಬ್ಬಿಣ ಸುಮಾರು 0.012, ಕಾಂಕ್ರೀಟೂ ಹೆಚ್ಚುಕಡಿಮೆ ಅಷ್ಟೇ, ಕಿಟಕಿ ಗಾಜು 0.009, ಅಲ್ಯೂಮಿನಿಯಂ 0.023. ಜನವರಿಯ ಬೆಳಗಿನ ಜಾವ ಶೀಟು 12 ಡಿಗ್ರಿ ಇದ್ದು, ಮೇ ತಿಂಗಳ ಮಧ್ಯಾಹ್ನ ಬಿಸಿಲಿಗೆ ಕಾದು 60 ಡಿಗ್ರಿ ತಲುಪಿತು ಎಂದಿಟ್ಟುಕೊಳ್ಳಿ. 4 ಅಡಿ, ಅಂದರೆ 1.2 ಮೀಟರಿನ ಶೀಟ್ ಸುಮಾರು 4 ಮಿಲಿಮೀಟರ್ ಉದ್ದವಾಗುತ್ತದೆ. ಅದರ ಕೆಳಗಿನ ಕಬ್ಬಿಣದ ಚೌಕಟ್ಟು 1 ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಹೀಗೆ ಒಂದು ಜಗ್ಗುವಾಗ ಇನ್ನೊಂದು ನಿಂತಲ್ಲೇ ನಿಂತಿದ್ದರೆ, ನಡುವೆ ಕಲ್ಲಿನಂತೆ ಗಟ್ಟಿಯಾಗುವ ಯಾವ ವಸ್ತುವೂ ಉಳಿಯದು. ಎರಡು ಮುದ್ದೆ ಕಲಸಿ ಹಚ್ಚುವ ಎಪಾಕ್ಸಿ ಪುಟ್ಟಿಗೂ ಇದೇ ಮಾತು. ಒಡೆದ ಪೈಪಿಗೆ ಅದು ಒಳ್ಳೆಯದು, ಸರಿದಾಡುವ ಸಂದಿಗೆ ಹೊಂದುವುದಿಲ್ಲ.

ಸಿಮೆಂಟಿಗೆ ಜಾಗ ಇರುವುದು ಕಟ್ಟೆಯಲ್ಲಿ. ಕಟ್ಟೆಯೇ ಒಡೆದಿದ್ದರೆ, ಅದರ ಗಿಲಾವು ಎದ್ದಿದ್ದರೆ, ಮೊದಲು ಅದನ್ನು ಸಿಮೆಂಟಿನಿಂದ ಸರಿಮಾಡಿಸಿ, ಕೆಲವು ದಿನ ನೀರು ಹಾಕಿ ಮಾಗಿಸಿ, ಪೂರ್ತಿ ಒಣಗಿದ ಮೇಲೆ ಮುಂದಿನ ಕೆಲಸ ಹಿಡಿಯಿರಿ. ಕಟ್ಟೆ ಛತ್ತಿನ ಮಟ್ಟದಿಂದ ಅರ್ಧ ಅಡಿಯಾದರೂ ಎತ್ತರ ಇರಬೇಕು. ತಗ್ಗಾದ ಕಟ್ಟೆಗೆ ಛತ್ತಿನ ಮೇಲೆ ಸಿಡಿದ ಮಳೆನೀರು ಮರಳಿ ಬಡಿಯುತ್ತದೆ.

ಅಂಗಡಿಯೊಳಗ ಎರಡು ಮೂರು ಥರದ ಸಿಲಿಕಾನ್ ಕೊಡ್ತಾರ. ಯಾವುದು ತಗೋಬೇಕು?

ನಮ್ಮ ಎರಡನೆಯ ಸಲದ ಕೆಲಸ ಕೆಟ್ಟದ್ದು ಇಲ್ಲಿ. ಟ್ಯೂಬ್ ಬಿಚ್ಚಿದ ಕೂಡಲೇ ಹುಳಿ ವಾಸನೆ, ವಿನೆಗರ್ ವಾಸನೆ, ಬರುವ ಸಿಲಿಕಾನ್ ಇದೆಯಲ್ಲ, ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಅಕ್ವೇರಿಯಂ ಗಾಜಿಗೆ, ಬಚ್ಚಲ ಟೈಲ್ಸಿಗೆ ಅದು ಸರಿ. ಕಬ್ಬಿಣಕ್ಕೆ ಹಚ್ಚಿದರೆ ತುಕ್ಕು ಹಿಡಿಸುತ್ತದೆ, ಸಿಮೆಂಟಿಗೆ ಸರಿಯಾಗಿ ಅಂಟುವುದಿಲ್ಲ, ಪಾಲಿಕಾರ್ಬೊನೇಟಿನ ಅಂಚಿನಲ್ಲಿ ಸಣ್ಣ ಸೀಳು ಬಿಡಿಸಬಹುದು. ನಮಗೆ ಬೇಕಾದದ್ದು "ನ್ಯೂಟ್ರಲ್ ಕ್ಯೂರ್" ಎಂದು ಬರೆದಿರುವ, ಅಂದರೆ ಒಣಗುವಾಗ ಆ ಆಮ್ಲ ಬಿಡದ, ಹೊರಾಂಗಣಕ್ಕೆ ಹೇಳಿರುವ ಸಿಲಿಕಾನ್. ಅಂಗಡಿಯವರಿಗೆ ಹೆಸರು ಗೊತ್ತಿಲ್ಲದಿದ್ದರೆ ಟ್ಯೂಬಿನ ಮೇಲಿನ ಅಕ್ಷರ ನೀವೇ ಓದಿ, ತಯಾರಾದ ತಾರೀಖನ್ನೂ ನೋಡಿ. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದ ಟ್ಯೂಬ್ ಒಣಗುವುದೇ ಇಲ್ಲ, ಜಿಗಿಜಿಗಿ ಉಳಿಯುತ್ತದೆ.

ಸಿಲಿಕಾನ್ ಮೇಲೆ ಬಣ್ಣ ಕೂರುವುದಿಲ್ಲ. ಬಣ್ಣ ಬಳಿಯಲೇಬೇಕಾದ ಕಟ್ಟೆ ಚೌಕಟ್ಟಿನ ಸಂದಿಗೆ ಪಿಯು ಸೀಲೆಂಟ್, ಅಂದರೆ ಪಾಲಿಯುರೆಥೇನಿನ ಸಂದು ಮುಚ್ಚುವ ಅಂಟು, ಹಾಕಿಸಬಹುದು. ಬಿಸಿಲಿಗೆ ನೇರ ಒಡ್ಡಿಕೊಂಡ ಕಡೆ ಬಾಳಿಕೆಯಲ್ಲಿ ಸಿಲಿಕಾನೇ ಮುಂದು, ನನ್ನ ಆಯ್ಕೆ ಅದೇ.

ಎಷ್ಟು ಟ್ಯೂಬ್ ಬೇಕಾಗುತ್ತದೆ?

ಸಂದು 6 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ಆಳ ಇದ್ದರೆ ಒಂದು ಮೀಟರಿಗೆ 36 ಮಿಲಿಲೀಟರ್ ಹಿಡಿಯುತ್ತದೆ. 3 ಅಡಿಗೆ 4 ಅಡಿಯ ಕಿಂಡಿಯ ಸುತ್ತಳತೆ 14 ಅಡಿ, ಅಂದರೆ ಸುಮಾರು 4.3 ಮೀಟರ್. ಒಟ್ಟು 155 ಮಿಲಿಲೀಟರ್ ಆಯಿತು. 280 ಮಿಲಿಲೀಟರಿನ ಒಂದು ಟ್ಯೂಬು ಸಾಕಾಗಿ ಉಳಿಯುತ್ತದೆ.

ನಾವೇ ಹಚ್ಚಬಹುದೇನು? ಹ್ಯಾಂಗ ಹಚ್ಚಬೇಕು?

ಹಚ್ಚಬಹುದು. ಕೈಚಳಕಕ್ಕಿಂತ ತಾಳ್ಮೆ ಮುಖ್ಯ. ಹಚ್ಚುವ ಕೆಲಸ ಅರ್ಧ ತಾಸಿನದು, ಅದಕ್ಕೆ ಮುಂಚಿನ ತಯಾರಿ ಅರ್ಧ ದಿನದ್ದು.

ಹಳೆಯ ಸಿಮೆಂಟ್, ಹಳೆಯ ಸಿಲಿಕಾನ್, ಒಣಗಿ ಕಲ್ಲಾದ ಪುಟ್ಟಿ ಎಲ್ಲವನ್ನೂ ಕಟರಿನಿಂದ ಕೆತ್ತಿ ತೆಗೆಯಿರಿ. ಹಳೆಯದರ ಮೇಲೆ ಹೊಸದನ್ನು ಬಳಿದರೆ ಹೊಸದು ಹಳೆಯದಕ್ಕೆ ಅಂಟಿಕೊಂಡು, ಎರಡೂ ಕೂಡಿ ಏಳುತ್ತವೆ. ಕಬ್ಬಿಣಕ್ಕೆ ತುಕ್ಕಿದ್ದರೆ ಎಮರಿ ಪೇಪರಿನಿಂದ ತಿಕ್ಕಿ, ರೆಡ್ ಆಕ್ಸೈಡ್ ಹಚ್ಚಿ ಒಂದು ದಿನ ಒಣಗಲು ಬಿಡಿ. ಆಮೇಲೆ ದೂಳು. ನಮ್ಮ ಊರಿನ ಎರೆಮಣ್ಣಿನ ದೂಳು ಹಿಟ್ಟಿನ ಹಾಗೆ ಸಣ್ಣದು, ಒಣ ಬಟ್ಟೆಯಿಂದ ಒರೆಸಿದರೆ ಹೋಗುವುದಿಲ್ಲ. ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಒಣಗಿಸಿ, ಕೊನೆಗೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ. ಪಾಲಿಕಾರ್ಬೊನೇಟಿಗೆ ಥಿನ್ನರ್, ಅಸಿಟೋನ್ ಮುಟ್ಟಿಸಬೇಡಿ, ಶೀಟ್ ಮಬ್ಬಾಗಿ ಸೀಳು ಬಿಡುತ್ತದೆ.

ಸಂದು ಆಳವಾಗಿದ್ದರೆ ಅದನ್ನೆಲ್ಲ ಸಿಲಿಕಾನ್‌ನಿಂದ ತುಂಬುವುದು ದುಡ್ಡು ದಂಡ, ಕೆಲಸವೂ ಕೆಡುತ್ತದೆ. ಫೋಮಿನ ಹಗ್ಗ ಸಿಗುತ್ತದೆ. ಸಂದಿಗಿಂತ ಸ್ವಲ್ಪ ದಪ್ಪನೆಯದನ್ನು ತಂದು ಒಳಗೆ ಒತ್ತಿ, ಅದರ ಮೇಲೆ ಸಿಲಿಕಾನ್ ಎಳೆಯಿರಿ. ಸಿಲಿಕಾನ್ ಎರಡು ಬದಿಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಬಾರದು. ಎರಡು ಬದಿಗೆ ಅಂಟಿದ್ದರೆ ರಬ್ಬರಿನಂತೆ ಜಗ್ಗುತ್ತದೆ, ತಳಕ್ಕೂ ಅಂಟಿದರೆ ಜಗ್ಗಲು ಆಸ್ಪದವಿಲ್ಲದೆ ನಡುವೆ ಹರಿಯುತ್ತದೆ. ಸಂದಿನ ಅಗಲ 10 ಮಿಲಿಮೀಟರ್ ಇದ್ದರೆ ಆಳ 5 ಮಿಲಿಮೀಟರ್ ಸಾಕು. ಸಂದು 6 ಮಿಲಿಮೀಟರಿಗಿಂತ ಸಣ್ಣದಿದ್ದರೆ ಜಗ್ಗುವ ಜಾಗವೇ ಇರುವುದಿಲ್ಲ, ಸಾಧ್ಯವಾದಲ್ಲಿ ಬಿಡಿಸಿ ಅಗಲ ಮಾಡಿ.

ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟ್ಯೂಬಿನ ಮೂಗನ್ನು ಓರೆಯಾಗಿ ಕತ್ತರಿಸಿ, ಗನ್ನನ್ನು ನಿಲ್ಲಿಸದೆ ಒಂದೇ ಎಳೆತಕ್ಕೆ ಒಯ್ಯಿರಿ. ಐದು ನಿಮಿಷದೊಳಗೆ ಸಾಬೂನು ನೀರಿನಲ್ಲಿ ಅದ್ದಿದ ಚಮಚದ ಹಿಂಬದಿಯಿಂದ ಒತ್ತಿ ಸವರಿ, ಟೇಪನ್ನು ಆಗಲೇ ಕಿತ್ತುಬಿಡಿ. ಮೇಲೆ ಪೊರೆ ಕಟ್ಟಲು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಒಳಗೆ ಮಾಗುವುದು ದಿನಕ್ಕೆ 2ರಿಂದ 3 ಮಿಲಿಮೀಟರ್ ಮಾತ್ರ. ಮೂರು ದಿನ ಯಾರೂ ಮುಟ್ಟಬಾರದು. ಸಿಲಿಕಾನ್ ಮಾಗಲು ಗಾಳಿಯ ತೇವ ಬೇಕು. ಏಪ್ರಿಲಿನ ಒಣ ಹವೆಯಲ್ಲಿ ಅದು ಇನ್ನೂ ನಿಧಾನ.

ಯಾವ ಹೊತ್ತಿನಲ್ಲಿ ಹಚ್ಚಬೇಕು?

ಮಳೆಗಾಲ ಮುಗಿದು ಗೋಡೆ ಒಣಗಿದ ಮೇಲೆ, ದಸರೆಯಿಂದ ಸಂಕ್ರಾಂತಿಯೊಳಗೆ, ಬೆಳಿಗ್ಗೆ ಇಬ್ಬನಿ ಆರಿದ ಕೂಡಲೇ. ಇದಕ್ಕೂ ಹಿಗ್ಗುವ ಕುಗ್ಗುವ ಲೆಕ್ಕವೇ ಕಾರಣ. ತಂಪಿನಲ್ಲಿ ಶೀಟ್ ಕುಗ್ಗಿ ಸಂದು ಅಗಲವಾಗಿರುತ್ತದೆ. ಆಗ ತುಂಬಿದ ಸಿಲಿಕಾನ್ ಮುಂದೆ ಬಿಸಿಲಿಗೆ ಒತ್ತಿಕೊಳ್ಳುತ್ತದೆ. ಒತ್ತುವಿಕೆಯನ್ನು ಅದು ತಡೆಯುತ್ತದೆ. ಮೇ ತಿಂಗಳ ಮಧ್ಯಾಹ್ನ ಸಂದು ಕಿರಿದಾದಾಗ ತುಂಬಿದರೆ, ಅದೇ ರಾತ್ರಿಯಿಂದ ಜಗ್ಗಾಟ ಶುರುವಾಗಿ ಮೊದಲ ಚಳಿಗಾಲಕ್ಕೇ ಅಂಚು ಬಿಡುತ್ತದೆ. ಬೇಸಿಗೆಯಲ್ಲಿ ಮಾಡಲೇಬೇಕಾದರೆ ಸೂರ್ಯ ಏರುವ ಮೊದಲು ಮುಗಿಸಿ.

ನಮ್ಮದು ತೆರೆದು ಮುಚ್ಚುವ ಕಿಟಕಿ. ಅದಕ್ಕೆ ಸಿಲಿಕಾನ್ ಹಾಕಿದರ ಅಂಟಿಕೊಂಡು ಬಿಡ್ತದಲ್ಲ?

ಹೌದು, ಅದಕ್ಕೆ ಸಿಲಿಕಾನ್ ಬೇಡ, ರಬ್ಬರ್ ಪಟ್ಟಿ ಬೇಕು. ಮೊದಲು ಕಾಗದದ ಪರೀಕ್ಷೆ ಮಾಡಿ. ಹಳೆಯ ಪತ್ರಿಕೆಯ ಎರಡು ಬೆರಳಗಲದ ಚೂರನ್ನು ರೆಕ್ಕೆಗೂ ಚೌಕಟ್ಟಿಗೂ ನಡುವೆ ಇಟ್ಟು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಹಿಡಿದರೆ ಅಲ್ಲಿ ಗಾಳಿ ಹೋಗದು, ಸರ್ರನೆ ಬಂದರೆ ಪಟ್ಟಿ ಸವೆದಿದೆ. ಗೇಣಿಗೊಂದು ಕಡೆ ಹೀಗೆ ನೋಡುತ್ತ ಹೋಗಿ. ಬಹಳ ಸಲ ಪಟ್ಟಿಯದೇನೂ ತಪ್ಪಿರುವುದಿಲ್ಲ. ಚಿಲಕ ಸಡಿಲಾಗಿ ರೆಕ್ಕೆ ಒತ್ತಿ ಕೂರುತ್ತಿರುವುದಿಲ್ಲ, ಅಥವಾ ಬಿಜಾಗರಿಯ ಸ್ಕ್ರೂ ಎದ್ದಿರುತ್ತದೆ. ಸ್ಕ್ರೂ ಬಿಗಿಮಾಡಿದ ಮೇಲೆ ಮತ್ತೊಮ್ಮೆ ಕಾಗದ ಇಟ್ಟು ನೋಡಿ, ಆಮೇಲೆ ಪಟ್ಟಿಗೆ ದುಡ್ಡು ಹಾಕಿ.

ಪಟ್ಟಿ ಕೊಳ್ಳುವಾಗ ಬಿಸಿಲು ಮಳೆ ತಡೆಯುವ ಇಪಿಡಿಎಂ ಎಂಬ ರಬ್ಬರಿನದೇ ಕೇಳಿ. ಹಳದಿ ಬಿಳಿ ಸ್ಪಂಜಿನ ಪಟ್ಟಿ ಅಗ್ಗ, ಆದರೆ ನೀರು ಹೀರುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ. ಸಂದು 3 ಮಿಲಿಮೀಟರ್ ಇದ್ದರೆ 4ರಿಂದ 5 ಮಿಲಿಮೀಟರ್ ದಪ್ಪದ್ದು ಬೇಕು. ಪಟ್ಟಿ ಕಾಲು ಭಾಗವಾದರೂ ಒತ್ತಿಕೊಂಡರೆ ಮಾತ್ರ ಗಾಳಿ ನಿಲ್ಲುತ್ತದೆ. ಬಹಳ ದಪ್ಪದ್ದು ಹಾಕಿದರೆ ಚಿಲಕ ಬೀಳದೆ, ಒತ್ತಿ ಒತ್ತಿ ರೆಕ್ಕೆ ಬಾಗುತ್ತದೆ. ಅಂಟಿಸುವಾಗ ಪಟ್ಟಿಯನ್ನು ಎಳೆದು ಹಿಗ್ಗಿಸಬೇಡಿ, ಆಮೇಲೆ ಕುಗ್ಗಿ ಮೂಲೆಗಳಲ್ಲಿ ಬಾಯಿಬಿಡುತ್ತದೆ. ಮೂಲೆಯಲ್ಲಿ ಬಾಗಿಸುವ ಬದಲು ಓರೆಯಾಗಿ ಕತ್ತರಿಸಿ ಜೋಡಿಸಿ. ಸರಿಸುವ ಕಿಟಕಿಯಾದರೆ ರಬ್ಬರಿನ ಬದಲು ಕುಂಚದ ಹಾಗಿರುವ ನಾರಿನ ಪಟ್ಟಿ.

ಚೌಕಟ್ಟಿನ ಕೆಳಗಡೆ ಸಣ್ಣ ತೂತು ಇದಾವ. ಅವನ್ನೂ ಮುಚ್ಚಬೇಕಾ?

ಮುಚ್ಚಬೇಡಿ! ಅವು ನೀರಿನ ಬಾಯಿ. ಎಷ್ಟೇ ಚೆನ್ನಾಗಿ ಮುಚ್ಚಿದರೂ ಜೋರು ಮಳೆಯಲ್ಲಿ ಹನಿ ನೀರು ಒಳಸೇರುತ್ತದೆ, ಚಳಿಯಲ್ಲಿ ಗಾಜಿನ ಒಳಬದಿಗೆ ಬೆವರೂ ಕಟ್ಟುತ್ತದೆ. ಆ ನೀರು ಹೊರಹೋಗುವುದು ಅಲ್ಲಿಂದಲೇ. ಇಳಿಜಾರಿನ ಮೇಲ್ಬದಿ ಮತ್ತು ಎರಡು ಪಕ್ಕಗಳನ್ನು ಬಿಗಿಯಾಗಿ ಮುಚ್ಚಿ, ಕೆಳಬದಿಯ ತೂತುಗಳನ್ನು ಸೂಜಿಯಿಂದ ಬಿಡಿಸಿ ಚೊಕ್ಕ ಮಾಡಿ. ಅಲ್ಲಿಂದ ಗಾಳಿ ಜಾಸ್ತಿ ಬರುತ್ತಿದ್ದರೆ ಹೊರಗಿನಿಂದ ಸಣ್ಣ ತಗಡಿನ ಮರೆ ಮಾಡಿಸಿ. ಒಳಗೆ ಕೊಳವೆಗಳಿರುವ ಪಾಲಿಕಾರ್ಬೊನೇಟ್ ಶೀಟಿಗೂ ಇದೇ ನಿಯಮ: ಮೇಲಿನ ಅಂಚಿಗೆ ಅಲ್ಯೂಮಿನಿಯಂ ಟೇಪ್, ಕೆಳಗಿನ ಅಂಚಿಗೆ ಉಸಿರಾಡುವ ಜಾಳಿ ಟೇಪ್. ಎರಡೂ ಕಡೆ ಬಿಗಿದರೆ ಒಳಗೆ ಪಾಚಿ ಬೆಳೆದು ಬೆಳಕೇ ಹೋಗುತ್ತದೆ.

ತಗಡಿನ ಮನಿ ನಮ್ಮದು. ನಡುವೆ ಒಂದು ಫೈಬರ್ ಶೀಟ್ ಹಾಕಿದೀವಿ, ಸುತ್ತೆಲ್ಲ ಗಾಳಿ.

ತಗಡಿನ ಅಲೆಗೂ ಫೈಬರ್ ಶೀಟಿನ ಅಲೆಗೂ ಅಳತೆ ಹೊಂದದಿದ್ದರೆ ಮೊದಲು ಅದನ್ನು ಬದಲಿಸಬೇಕು, ಬೇರೆ ಉಪಾಯವಿಲ್ಲ. ಅಲೆ ಹೊಂದಿದ್ದರೆ, ತುದಿಯಲ್ಲಿ ಅಲೆಯ ಕೆಳಗೆ ಉಳಿಯುವ ಅರ್ಧಚಂದ್ರದ ಬಾಯಿಗಳಿಗೆ ಅದೇ ಆಕಾರದ ಫೋಮಿನ ತುಂಡುಗಳು ಸಿಗುತ್ತವೆ, ಒತ್ತಿ ಕೂಡಿಸಿ. ಪಕ್ಕದ ಜೋಡಣೆಗೆ ಬ್ಯೂಟೈಲ್ ಟೇಪ್, ಅಂದರೆ ಮೆತ್ತನೆಯ ಜಿಗುಟು ರಬ್ಬರಿನ ಟೇಪ್, ಒಳ್ಳೆಯದು. ಸ್ಕ್ರೂಗಳ ಕೆಳಗಿನ ರಬ್ಬರ್ ವಾಷರ್ ಒಡೆದಿದ್ದರೆ ಬದಲಿಸಿ. ಶೀಟಿನಲ್ಲಿ ಸ್ಕ್ರೂವಿನ ತೂತು ಸ್ಕ್ರೂವಿಗಿಂತ 3 ಮಿಲಿಮೀಟರಾದರೂ ದೊಡ್ಡದಿರಲಿ, ಇಲ್ಲವಾದರೆ ಬಿಸಿಲಿಗೆ ಹಿಗ್ಗಿದ ಶೀಟು ತೂತಿನಿಂದಲೇ ಸೀಳುತ್ತದೆ. ಮೇಲಿನ ಶೀಟು ಯಾವಾಗಲೂ ಕೆಳಗಿನದರ ಮೇಲೆ ಬೀಳಬೇಕು, ಹೆಂಚು ಹೊದಿಸಿದ ಹಾಗೆ.

ಹಳೆಯ ಸಿಮೆಂಟ್ ಶೀಟ್ ಇದ್ದರೆ ಅದನ್ನು ಕೊರೆಯುವುದು, ಗರಗಸ ಹಾಕುವುದು, ಒಣಗಿದ್ದಾಗ ತಿಕ್ಕುವುದು ಬೇಡ. ಅದರಲ್ಲಿ ಆಸ್ಬೆಸ್ಟಾಸ್ ನಾರಿರುತ್ತದೆ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಅದರ ರೋಗ ಎಷ್ಟೋ ವರ್ಷಗಳ ಮೇಲೆ ಕಾಣಿಸುತ್ತದೆ.

ಊರಾಗ ಹಳೇ ಮಾಳಿಗಿ ಮನಿ ಅದ. ಮಣ್ಣಿನ ಮಾಳಿಗಿ ಬೆಳಕಿಂಡಿಗೆ ಏನು ಮಾಡಬೇಕು?

ಇದನ್ನು ಕೇಳಿದವರು ಯಾದಗಿರಿಯ ಕಡೆಯ ಒಬ್ಬ ಹಿರಿಯರು. ಇದಕ್ಕೆ ಉತ್ತರಿಸುವಾಗ ನನಗೆ ನಮ್ಮಜ್ಜಿಯ ಮನೆ ಕಣ್ಣಿಗೆ ಬರುತ್ತದೆ. ತೊಲೆ, ಜಂತಿ, ಅದರ ಮೇಲೆ ಹಲಗೆ, ಅದರ ಮೇಲೆ ಮೊಳದಷ್ಟು ಮಣ್ಣು. ಅಡಿಗೆಮನೆಯ ಬೆಳಕಿಂಡಿಯಿಂದ ಬೆಳಿಗ್ಗೆ ಬಿಸಿಲಿನ ಕೋಲು ಇಳಿದು, ಹೊತ್ತೇರಿದ ಹಾಗೆ ಪರ್ಸಿ ಕಲ್ಲಿನ ನೆಲದ ಮೇಲೆ ಸರಿಯುತ್ತಿತ್ತು. ಮಳೆಯ ಮೋಡ ಕಂಡರೆ ಯಾರಾದರೂ ಹುಡುಗರು ಓಡಿ ಹತ್ತಿ ತಗಡು ಮುಚ್ಚಬೇಕಿತ್ತು.

ಆ ಕಿಂಡಿ ಹೊಗೆಗೆಂದೇ ಇಟ್ಟದ್ದು. ಕಟ್ಟಿಗೆ ಒಲೆ ಇನ್ನೂ ಉರಿಯುತ್ತಿದ್ದರೆ ಅದನ್ನು ಪೂರ್ತಿ ಮುಚ್ಚಬಾರದು. ಒಲೆ ಇಲ್ಲವಾದರೆ, ಕಿಂಡಿಯ ಸುತ್ತ ಕಲ್ಲಿನ ಅಥವಾ ಇಟ್ಟಿಗೆಯ ಅರ್ಧ ಅಡಿ ಕಟ್ಟೆ ಎಬ್ಬಿಸಿ, ಸುಣ್ಣದ ಗಾರೆಯಿಂದ ಗಿಲಾವು ಮಾಡಿಸಿ. ಸಿಮೆಂಟ್ ಬೇಡ. ಮಣ್ಣು ತೇವಕ್ಕೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಹೋಗದೆ ಬಿರಿಯುತ್ತದೆ, ತೇವವನ್ನು ಹಿಡಿದಿಟ್ಟು ಜಂತಿಯ ತುದಿಯನ್ನೂ ಕೊಳೆಸುತ್ತದೆ. ಕಟ್ಟೆಯ ಮೇಲೆ ಗಾಜನ್ನು ನೇರ ಕೂಡಿಸದೆ ಕಟ್ಟಿಗೆಯ ಚೌಕಟ್ಟಿನಲ್ಲಿ ಕೂಡಿಸಿ, ಒಂದು ಕಡೆ ಎತ್ತರ ಮಾಡಿ. ಮೀಟರಿಗೆ 9 ಸೆಂಟಿಮೀಟರ್ ಇಳಿಜಾರು ಇದ್ದರೆ ನೀರು ನಿಲ್ಲದು. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವಾಗ ಕಟ್ಟೆಯ ಬುಡಕ್ಕೂ ಹಾಕಿಸಿ, ನೀರು ಕಟ್ಟೆಯಿಂದ ದೂರ ಹರಿಯುವಂತೆ ಓರೆ ಮಾಡಿಸಿ.

ಎಲ್ಲಾ ಬಂದ್ ಮಾಡಿದ್ರ ಬ್ಯಾಸಿಗಿಯೊಳಗ ಕುದ್ದು ಹೋಗಂಗಿಲ್ಲೇನ್ರಿ?

ಈ ಪ್ರಶ್ನೆ ಎಲ್ಲಕ್ಕಿಂತ ಒಳ್ಳೆಯದು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಛತ್ತಿನ ಅಡಿ ಸೇರುವ ಬಿಸಿಗಾಳಿ ಹೊರಗೆ ಹೋಗಲೇಬೇಕು. ಆದರೆ ಸಂದು ಬೇರೆ, ಕಿಂಡಿ ಬೇರೆ. ಸಂದು ಜನವರಿಯಲ್ಲೂ ತೆರೆದಿರುತ್ತದೆ, ಏಪ್ರಿಲಿನ ದೂಳಿಗಾಳಿಗೂ ತೆರೆದಿರುತ್ತದೆ, ರಾತ್ರಿ ಮಗು ಮಲಗಿದಾಗಲೂ ತೆರೆದಿರುತ್ತದೆ. ಅದು ನಮ್ಮ ಮಾತು ಕೇಳುವುದಿಲ್ಲ. ಕಿಂಡಿಯನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಬಹುದು. ಆದ್ದರಿಂದ ಸಂದುಗಳನ್ನೆಲ್ಲ ಮುಚ್ಚುವಾಗ ಕಟ್ಟೆಯ ಒಂದು ಬದಿಯಲ್ಲಿ, ಮಳೆಗಾಳಿ ಬಡಿಯದ ಪೂರ್ವಕ್ಕೆ ಅಥವಾ ಉತ್ತರಕ್ಕೆ, ಸೊಳ್ಳೆಜಾಳಿ ಹಾಕಿದ ಸಣ್ಣ ಮುಚ್ಚಳದ ಕಿಂಡಿ ಮಾಡಿಸಿ. ನಮ್ಮದು ಒಂದು ಅಡಿ ಅಗಲ, ಅರ್ಧ ಅಡಿ ಎತ್ತರ. ಬೇಸಿಗೆಯಲ್ಲಿ ಸಂಜೆ ಅದನ್ನೂ ಹಿತ್ತಲ ಬಾಗಿಲನ್ನೂ ತೆರೆದರೆ ಮನೆ ಉಸಿರು ಬಿಟ್ಟ ಹಾಗಾಗುತ್ತದೆ. ಮಧ್ಯಾಹ್ನದ ಝಳದಲ್ಲಿ ಮುಚ್ಚಿರುತ್ತೇವೆ.

ಶೀಟಿನಿಂದ ಇಳಿಯುವ ಬಿಸಿಲಿಗೆ ಸಂದು ಮುಚ್ಚುವುದರಿಂದ ಪರಿಹಾರವಿಲ್ಲ. ಅದಕ್ಕೆ ಹೊರಗಿನಿಂದ, ಶೀಟಿಗೆ ತಾಗದಂತೆ, ಹಸಿರು ನೆರಳಿನ ಬಲೆ ಕಟ್ಟಬೇಕು. ಒಳಗಿನ ಪರದೆಗಿಂತ ಹೊರಗಿನ ನೆರಳು ಹೆಚ್ಚು ತಂಪು, ಯಾಕೆಂದರೆ ಬಿಸಿಲು ಮನೆಯೊಳಗೆ ಬರುವ ಮುನ್ನವೇ ತಡೆದಿರುತ್ತೀರಿ.

ಚಳಿಗಾಲದಲ್ಲಿ ಒಳಗೆ ಶೇಗಡಿ ಇಡುತ್ತೇವೆ. ಸಂದು ಮುಚ್ಚಿದರೆ ಅಪಾಯವೇ?

ಅಪಾಯ, ದಯವಿಟ್ಟು ಇದನ್ನು ಮನೆಯವರಿಗೆಲ್ಲ ಓದಿ ಹೇಳಿ. ಇದ್ದಲಿನ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು ಮಂಪರು ಬಂದು ಮಲಗಿದವರು ಏಳುವುದಿಲ್ಲ. ಗಾಳಿ ಸೋರುವ ಮನೆಯಲ್ಲಿ ಇಷ್ಟು ದಿನ ಏನೂ ಆಗದಿದ್ದದ್ದು ಆ ಸಂದುಗಳಿಂದಲೇ ಇರಬಹುದು. ಸಂದು ಮುಚ್ಚಿದ ಮನೆಯೊಳಗೆ ಶೇಗಡಿ ಇಟ್ಟು ಮಲಗಬಾರದು. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಲ್ಲಿನ ಗಾಳಿಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

ಅಡಿಗೆ ಗ್ಯಾಸಿನ ಮಾತು ಬೇರೆ. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರ, ಅದು ನೆಲದ ಮೇಲೆ ಹರಡುತ್ತದೆ. ಛತ್ತಿನ ಸಂದಿನಿಂದ ಅದು ಹೋಗುವುದಿಲ್ಲ. ಅಡಿಗೆಮನೆಗೆ ನೆಲದ ಹತ್ತಿರ ಒಂದು ಗಾಳಿಯ ದಾರಿ ಬೇಕು.

ಉಬ್ಬುವ ಸ್ಪ್ರೇ ಫೋಮ್ ಹೊಡೆದರೆ ಒಂದೇ ನಿಮಿಷದ ಕೆಲಸ ಅಂತಾರಲ್ಲ?

ಕಟ್ಟೆಗೂ ಚೌಕಟ್ಟಿಗೂ ನಡುವೆ, ಬಿಸಿಲು ಬೀಳದ ಒಳಸಂದಿಗೆ ಸರಿ. ಬಿಸಿಲು ಬಿದ್ದರೆ ಕೆಲವು ತಿಂಗಳಲ್ಲಿ ಕಂದುಗಟ್ಟಿ ಪುಡಿಯಾಗುತ್ತದೆ, ಮೇಲೆ ಗಿಲಾವು ಅಥವಾ ಸಿಲಿಕಾನಿನ ಮುಚ್ಚಿಗೆ ಬೇಕು. ಜಾಸ್ತಿ ಹೊಡೆದರೆ ಉಬ್ಬಿ ತೆಳು ಚೌಕಟ್ಟನ್ನೇ ಬಾಗಿಸುತ್ತದೆ.

ಮುಚ್ಚುವ ಮೊದಲು ಬೇರೆ ಏನಾದರೂ ನೋಡಬೇಕಾ?

ಗೂಡು ನೋಡಿ. ಗುಬ್ಬಿಗಳಿಗೆ ಇಂಥ ಸಂದುಗಳೇ ಮನೆ. ಮೊಟ್ಟೆ ಮರಿ ಇದ್ದರೆ ಅವು ಹಾರುವವರೆಗೆ ಒಂದು ತಿಂಗಳು ತಡೆಯಿರಿ, ಕೆಲಸ ಎಲ್ಲಿಗೂ ಹೋಗುವುದಿಲ್ಲ. ನಾವು ಆಮೇಲೆ ಹೊರಗೋಡೆಗೆ ಒಂದು ಸಣ್ಣ ಮಡಿಕೆ ಕಟ್ಟಿದೆವು, ಈಗ ಅಲ್ಲಿ ಸಂಸಾರ ನಡೆದಿದೆ. ಹೆಜ್ಜೇನು ಕಟ್ಟಿದ್ದರೆ ನೀವು ಕೈಹಾಕಬೇಡಿ.

ಛತ್ತಿನ ಮೇಲೆ ಹತ್ತುವಾಗ ಎಚ್ಚರ ಏನು?

ಶೀಟಿನ ಮೇಲೆ, ಗಾಜಿನ ಮೇಲೆ ಕಾಲಿಡಬೇಡಿ, ಕೂರಬೇಡಿ, ಒರಗಬೇಡಿ. ಬಿಸಿಲಿಗೆ ಹಳತಾದ ಫೈಬರ್ ನೋಡಲು ಗಟ್ಟಿ, ತೂಕ ಬಿದ್ದರೆ ಹಪ್ಪಳ. ಕೆಳಗೆ ಕಬ್ಬಿಣದ ಜಾಳಿ ಇಲ್ಲದಿದ್ದರೆ ಈ ಕೆಲಸದ ಜೊತೆಗೇ ಜಾಳಿ ಹಾಕಿಸಿ. ಸಂಕ್ರಾಂತಿಯ ಹೊತ್ತಿಗೆ ಗಾಳಿಪಟ ಹಿಡಿದು ಛತ್ತಿನ ಮೇಲೆ ಓಡುವ ಮಕ್ಕಳಿಗಾಗಿಯಾದರೂ ಅದು ಬೇಕು. ಏಣಿ 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡ ದೂರ ಇರಲಿ.

ಬಾಡಿಗೆ ಮನೆ. ಮಾಲೀಕರು ಮಾಡಿಸಿಕೊಡುತ್ತಿಲ್ಲ.

ಕಿತ್ತರೆ ಗುರುತು ಉಳಿಯದ ಕೆಲಸ ಮಾಡಿ. ಒಳಬದಿಯಿಂದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ಕನ್ನು ಕಟ್ಟಿಗೆ ಪಟ್ಟಿಗೆ ಬಿಗಿದು, ವೆಲ್ಕ್ರೋದಿಂದ ಕಿಂಡಿಗೆ ಅಂಟಿಸಿದರೆ ಒಂದು ಚಳಿಗಾಲ ಕಳೆಯುತ್ತದೆ. ಬೇಸಿಗೆಗೆ ಬಿಚ್ಚಿ ಮಡಚಿಡಬಹುದು.

ಕೆಲಸದವರಿಗೆ ಒಪ್ಪಿಸುವುದಾದರೆ ಏನು ಹೇಳಬೇಕು?

"ಸೋರ್ತದ, ಬಂದ್ ಮಾಡಿ" ಎಂದಷ್ಟೇ ಹೇಳಿದರೆ ಹಳೆಯದರ ಮೇಲೆ ಹೊಸದು ಬಳಿದು ಹೋಗುತ್ತಾರೆ. ಸೀಮೆಸುಣ್ಣದ ಗುರುತು ತೋರಿಸಿ. ಹಳೆಯದನ್ನು ಪೂರ್ತಿ ಕೆತ್ತಬೇಕು, ನ್ಯೂಟ್ರಲ್ ಸಿಲಿಕಾನೇ ಆಗಬೇಕು, ಕೆಳಗಿನ ತೂತು ಮುಚ್ಚಬಾರದು, ಸ್ಕ್ರೂವಿನ ತೂತು ದೊಡ್ಡದಿರಬೇಕು: ಈ ನಾಲ್ಕು ಮಾತು ಮೊದಲೇ ಆಗಲಿ. ಸಾಮಾನು ನೀವೇ ತಂದುಕೊಡಿ. ಮೂರು ದಿನ ಕಳೆದ ಮೇಲೆ ಪೈಪಿನಿಂದ ನೀರು ಬಿಟ್ಟು ತೋರಿಸಿ ಹಣ ಕೊಡುವುದಾಗಿ ಹೇಳಿ. ನೀರನ್ನು ಕೆಳಬದಿಯಿಂದ ಶುರುಮಾಡಿ ನಿಧಾನವಾಗಿ ಮೇಲೇರಿಸಿ, ಆಗ ಯಾವ ಮಟ್ಟದಲ್ಲಿ ಸೋರಿತು ಎಂಬುದು ಸ್ಪಷ್ಟವಾಗುತ್ತದೆ.

ಎಷ್ಟು ವರ್ಷ ಬಾಳಿಕೆ ಬರ್ತದ?

ಚೆನ್ನಾಗಿ ಹಚ್ಚಿದ ಸಿಲಿಕಾನ್ ವರ್ಷಗಟ್ಟಲೆ ಇರುತ್ತದೆ, ರಬ್ಬರ್ ಪಟ್ಟಿ ಅದಕ್ಕಿಂತ ಬೇಗ ಸವೆಯುತ್ತದೆ. ನಾನು ವರ್ಷಕ್ಕೆರಡು ಸಲ ಹತ್ತುತ್ತೇನೆ: ಮೇ ಕೊನೆಯಲ್ಲಿ ಮಳೆಗೆ ಮುಂಚೆ, ದಸರೆ ಆದ ಮೇಲೆ ಚಳಿಗೆ ಮುಂಚೆ. ಒದ್ದೆ ಬಟ್ಟೆಯಿಂದ ಅಂಚು ಒರೆಸಿ, ಉಗುರಿನಿಂದ ಒತ್ತಿ ನೋಡುತ್ತೇನೆ. ಮೆತ್ತಗೆ ಮರಳಿ ಎದ್ದರೆ ಸರಿ, ಅಂಚು ಬಿಟ್ಟಿದ್ದರೆ ಆ ಗೇಣುದ್ದವನ್ನು ಮಾತ್ರ ಕತ್ತರಿಸಿ ಹೊಸದು ಹಚ್ಚುತ್ತೇನೆ. ಕೆಳಗಿನ ತೂತುಗಳಿಗೆ ಸೂಜಿ ಹಾಕುತ್ತೇನೆ. ಇಳಿದು ಬಂದ ಮೇಲೆ ಅವ್ವ ಒಂದು ಊದಿನಕಡ್ಡಿ ಹಚ್ಚಿಸುತ್ತಾಳೆ, ಹೊಗೆ ನೆಟ್ಟಗೆ ಏರುವುದನ್ನು ಮಂಚದ ಮೇಲಿಂದ ತಾನೇ ನೋಡಬೇಕು ಅವಳಿಗೆ.